ನಿಮಗಿದು ಗೊತ್ತೇ? ಮನೆಯ ಮಾಡಿಗೂ ಉಂಟು ಸರಕಾರದ ನೆರವು

ಏಪ್ರಿಲ್ ತಿಂಗಳು. ರಾತ್ರಿ ಹನ್ನೊಂದಾದರೂ ಮಲ್ಪೆಯ ತಾರಸಿ ಮನೆಗಳಲ್ಲಿ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ, ಫ್ಯಾನ್ ಬೀಸುವುದೂ ಬಿಸಿಗಾಳಿಯನ್ನೇ. ಚಳಿ ದೇಶಗಳಲ್ಲಿ ಮನೆಯೊಳಗಿನ ಶಾಖ ಹೊರಗೆ ಹೋಗದಂತೆ ತಡೆಯಲು ಸರಕಾರ ಹಣ ಕೊಡುತ್ತದೆ. ನಮಗೆ ಬೇಕಾದ ನೆರವು ಬೇರೆ: ಬಿಸಿಲಿನ ಶಾಖವನ್ನು ಹೊರಗೇ ನಿಲ್ಲಿಸುವುದು, ಅದೇ ಬಿಸಿಲನ್ನು ಮನೆಗೆಲಸಕ್ಕೆ ಹಚ್ಚುವುದು. ಇದರಲ್ಲಿ ಏನು ಸಿಗುತ್ತದೆ, ಏನು ಇನ್ನೂ ಸಿಗಬೇಕು ಎಂಬುದು ಇಲ್ಲಿದೆ.

ಮೊದಲು ಮೀನಿನ ಪೆಟ್ಟಿಗೆ

◆ ಶಾಖ ತಡೆಯುವ ವಿದ್ಯೆ ಮಲ್ಪೆಗೆ ಹೊಸತಲ್ಲ. ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಬೇಗ ಕರಗದಿರಲು ಕಾರಣ ಅದರ ಪುಟ್ಟ ಗುಳ್ಳೆಗಳಲ್ಲಿ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ದಾಟಲು ಬಿಡುವುದಿಲ್ಲ. ಚಳಿ ದೇಶದ ಮನೆಗಳ ಗೋಡೆಯೊಳಗೆ ತುಂಬುವ ಹೊದಿಕೆಯೂ ಇದೇ ತತ್ವದ್ದು.

◆ ಈ ಪೆಟ್ಟಿಗೆಗೆ ಸರಕಾರದ ಸಹಾಯಧನವೂ ಬಂದಿದೆ. 2020ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಐಸ್ ಪ್ಲಾಂಟ್, ಶಾಖನಿರೋಧಕ ವಾಹನ, ಐಸ್ ಬಾಕ್ಸ್ ಅಳವಡಿಸಿದ ಬೈಕ್ ಎಲ್ಲವೂ ಸೇರಿವೆ. ಸಾಮಾನ್ಯ ವರ್ಗದವರಿಗೆ ವೆಚ್ಚದ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60. ಐಸ್ ಬಾಕ್ಸ್ ಬೈಕಿಗೆ ನಿಗದಿಪಡಿಸಿದ ಘಟಕ ವೆಚ್ಚ 75,000 ರೂ.; ಅಂದರೆ ಮೀನು ಮಾರುವ ಮಹಿಳೆಗೆ 45,000 ರೂ.ವರೆಗೆ ನೆರವು.

ಹಂಚಿನ ಮನೆಯ ಗುಟ್ಟು

◆ 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಅದೇ ಶತಮಾನ ಮುಗಿಯುವ ಮೊದಲು ಮಲ್ಪೆಯಲ್ಲೂ ಮಿಷನ್ನಿನ ಹಂಚಿನ ಕಾರ್ಖಾನೆ ತಲೆಯೆತ್ತಿತು.

◆ ಹಂಚಿನ ಮಾಡು ತಂಪಾಗಿರಲು ಮಣ್ಣೊಂದೇ ಕಾರಣವಲ್ಲ. ಬಿಸಿಗಾಳಿ ಮೇಲೇರಿ ಹಂಚುಗಳ ಸಂದಿಯಿಂದ ಹೊರಗೆ ಹೋಗುತ್ತದೆ. ಮರದ ಮುಚ್ಚಿಗೆ ಇದ್ದರಂತೂ ಹಂಚಿಗೂ ಮನೆಗೂ ನಡುವೆ ಗಾಳಿಯ ಒಂದು ಪದರವೇ ಉಳಿಯುತ್ತದೆ. ತೆಳುವಾದ ಹಂಚು ಸಂಜೆಯಾಗುತ್ತಲೇ ತಣಿದುಬಿಡುತ್ತದೆ.

◆ ದಪ್ಪ ಕಾಂಕ್ರೀಟ್ ಹಾಗಲ್ಲ. ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ನಮ್ಮ ಮೇಲೆ ಸುರಿಯುತ್ತದೆ. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವ ಕರಾವಳಿಯ ಪದ್ಧತಿ ಮಳೆಗಾಗಿ ಬಂದದ್ದಾದರೂ ಬೇಸಿಗೆಯಲ್ಲಿ ಸ್ಲ್ಯಾಬಿಗೆ ಕೊಡೆಯಾಗುತ್ತದೆ.

ತಾರಸಿಗೊಂದು ಸಂಹಿತೆ

◆ ಕೇಂದ್ರ ಇಂಧನ ಸಚಿವಾಲಯ 2018ರ ಡಿಸೆಂಬರ್ 14ರಂದು ‘ಇಕೋ ನಿವಾಸ ಸಂಹಿತೆ’ ಹೊರತಂದಿತು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಛಾವಣಿಯ ಪ್ರತಿ ಚದರ ಮೀಟರ್ ಮೂಲಕ 1.2 ವಾಟ್‌ಗಿಂತ ಹೆಚ್ಚು ಶಾಖ ದಾಟಬಾರದು ಎನ್ನುತ್ತದೆ ಅದು. ಏನೂ ಹೊದಿಸದ ಆರ್‌ಸಿಸಿ ಸ್ಲ್ಯಾಬಿನಲ್ಲಿ ದಾಟುವುದು ಇದರ ಸುಮಾರು ಮೂರು ಪಟ್ಟು.

◆ ಈ ಸಂಹಿತೆ 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ವಸತಿ ಕಟ್ಟಡಗಳಿಗಾಗಿ ಬರೆದದ್ದು. ಮಣಿಪಾಲದ ಬಹುಮಹಡಿ ಫ್ಲ್ಯಾಟ್ ನೆನಪಿಗೆ ಬರುತ್ತದೆ. ಐದು ಸೆಂಟ್ಸ್ ಜಾಗದ ಮನೆ ಇದರ ಹೊರಗೆ ಉಳಿಯುತ್ತದೆ.

◆ ಅತಿ ಅಗ್ಗದ ಉಪಾಯ ಬಿಳಿ ಬಣ್ಣ. ಬಿಳಿ ತಾರಸಿ ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಮರಳಿಸುತ್ತದೆ. ಮಳೆಗಾಲದ ಪಾಚಿ ತೊಳೆದು, ಬೇಸಿಗೆಗೆ ಮೊದಲು ಬಳಿದರೆ ಫಲ ಹೆಚ್ಚು.

◆ ಪಕ್ಕದ ತೆಲಂಗಾಣ 2023ರಲ್ಲಿ ‘ತಂಪು ಛಾವಣಿ’ ನೀತಿಯನ್ನೇ ಜಾರಿಗೊಳಿಸಿತು. 300 ಚದರ ಕಿ.ಮೀ. ಛಾವಣಿ ತಂಪು ಮಾಡುವುದು ಗುರಿ. ಸೆಕೆಯಲ್ಲಿ ಬೇಯುವ ನಮ್ಮ ಕರಾವಳಿಗೂ ಇಂಥದ್ದು ಬೇಕು.

ಸ್ನಾನದ ಬಿಸಿನೀರು

◆ ತುಳುವರ ಮನೆಯ ‘ಬೆಂದ್ರ್‌ದ ಕೊಟ್ಯ’ ನೆನಪಿದೆಯೇ? ತೆಂಗಿನ ಮಡಲು, ಗೆರಟೆ, ಸಿಪ್ಪೆಯ ಬೆಂಕಿಯಲ್ಲಿ ಹಂಡೆ ನೀರು ಕಾಯುವ ಬಚ್ಚಲು. ಅದರ ಹೊಗೆ ಹೆಂಗಸರ ಕಣ್ಣಿಗೆ, ಎದೆಗೆ ಹೋಗುತ್ತಿತ್ತು.

◆ ಇಂಥ ಹೊಗೆ ತಪ್ಪಿಸಲು ಸರಕಾರ ಅಡುಗೆಯ ಒಲೆಗೂ ಹಣ ಕೊಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದ ಅಸ್ತ್ರ ಒಲೆ ಕನ್ನಡನಾಡಿನ ಹಳ್ಳಿಗಳಿಗೆ ಹರಡಿತು. 1983ರಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ದೇಶದಾದ್ಯಂತ ಇಂಥ ಒಲೆಗಳಿಗೆ ಸಹಾಯಧನ ಒದಗಿಸಿತು.

◆ 100 ಲೀಟರ್ ನೀರನ್ನು 25 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ಸುಮಾರು 3 ಯೂನಿಟ್ ವಿದ್ಯುತ್ ಬೇಕು. ಗೀಸರ್ ದಿನವೂ ಇಷ್ಟು ಕಾಯಿಸಿದರೆ ತಿಂಗಳಿಗೆ 90 ಯೂನಿಟ್. ಸೋಲಾರ್ ವಾಟರ್ ಹೀಟರ್ ಇದ್ದರೆ ಬಿಸಿಲಿನ ದಿನಗಳಲ್ಲಿ ಅಷ್ಟೂ ಉಳಿತಾಯ.

◆ ಸೋಲಾರ್ ಹೀಟರ್ ಇರುವ ಮನೆಗೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಗರಿಷ್ಠ 50 ರೂ. ರಿಯಾಯಿತಿ ಕರ್ನಾಟಕದ ವಿದ್ಯುತ್ ದರಪಟ್ಟಿಯಲ್ಲಿ ವರ್ಷಗಳಿಂದ ಬಂದಿದೆ. ಮೆಸ್ಕಾಂ ಉಪವಿಭಾಗದಲ್ಲಿ ವಿಚಾರಿಸಿ, ಬಿಲ್ಲಿನಲ್ಲಿ ಅದು ಕಾಣುತ್ತದೆಯೇ ನೋಡಿ.

◆ ಹೀಟರ್ ಖರೀದಿಗೆ ಸಿಗುತ್ತಿದ್ದ ಕೇಂದ್ರದ ಸಹಾಯಧನ 2014ರಲ್ಲೇ ನಿಂತಿದೆ. ‘ಅದೂ ಸಿಗುತ್ತದೆ’ ಎಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಬಿಸಿಲಿನ ಕರೆಂಟ್

◆ ಈಗ ಮನೆಮಾಡಿಗೆ ಸಿಗುವ ದೊಡ್ಡ ನೆರವು ಸೋಲಾರ್ ಪ್ಯಾನೆಲ್ ಹಾಕಿಸುವ ‘ಪಿಎಂ ಸೂರ್ಯಘರ್’ ಯೋಜನೆ. 2024ರ ಫೆಬ್ರವರಿಯಲ್ಲಿ ಆರಂಭ, ಅವಧಿ 2026–27ರವರೆಗೆ, ಗುರಿ ಒಂದು ಕೋಟಿ ಮನೆ, ಮೀಸಲಿಟ್ಟ ಹಣ 75,021 ಕೋಟಿ ರೂ.

◆ ಒಂದು ಕಿಲೋವಾಟ್ ಪ್ಯಾನೆಲ್‌ಗೆ ಸಹಾಯಧನ 30,000 ರೂ., ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂ. ಅದಕ್ಕಿಂತ ಮೇಲೆ ಸಹಾಯಧನ ಏರುವುದಿಲ್ಲ.

◆ ಒಂದು ಕಿಲೋವಾಟ್‌ಗೆ ಸುಮಾರು 10 ಚದರ ಮೀಟರ್ ನೆರಳಿಲ್ಲದ ಜಾಗ ಬೇಕು. ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ಸಿಗುತ್ತದೆ. ಜೂನ್, ಜುಲೈ ತಿಂಗಳ ಕಪ್ಪು ಮೋಡದಲ್ಲಿ ಇದು ಬಹಳ ಇಳಿಯುತ್ತದೆ. ವರ್ಷದ ಲೆಕ್ಕ ಹಾಕಿಯೇ ನಿರ್ಧರಿಸಿ.

◆ ಪ್ಯಾನೆಲ್‌ನ ಅಡಿಯ ತಾರಸಿ ನೇರ ಬಿಸಿಲಿನಿಂದ ಪಾರಾಗುತ್ತದೆ. ಕರೆಂಟಿನ ಜೊತೆಗೆ ನೆರಳೂ ಲಾಭ.

◆ ವಸತಿ ಸಮುಚ್ಚಯಗಳೂ ಅರ್ಹ. ಲಿಫ್ಟ್, ಪಂಪು, ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವಾಟ್‌ಗೆ 18,000 ರೂ.

◆ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಬಿಲ್ ಶೂನ್ಯವಾಗುತ್ತಿದ್ದರೆ ಸೋಲಾರ್‌ನ ಉಳಿತಾಯ ತಕ್ಷಣ ಕಾಣದು. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಗೆ ಲಾಭ ಮೊದಲ ತಿಂಗಳಿಂದಲೇ ಕಾಣುತ್ತದೆ.

◆ ಕಡಲ ಬದಿಯ ಉಪ್ಪು ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ‘ಐಇಸಿ 61701’ ಎಂಬ ಉಪ್ಪುಗಾಳಿ ಪರೀಕ್ಷೆ ಗೆದ್ದ ಪ್ಯಾನೆಲ್, ಅಲ್ಯುಮಿನಿಯಂ ಚೌಕಟ್ಟು, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಕೇಳಿ ಪಡೆಯಿರಿ.

◆ ಕಾಪು ತಾಲೂಕಿನ ಎಲ್ಲೂರಿನಲ್ಲಿ ತಲಾ 600 ಮೆಗಾವಾಟ್‌ನ ಎರಡು ವಿದ್ಯುತ್ ಘಟಕಗಳು ಉರಿಸುವುದು ಹೊರದೇಶದಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು. ಮಾಡಿನ ಮೇಲೆ ಬೀಳುವ ಬಿಸಿಲಿಗೆ ಹಡಗು ಬೇಡ.

ಅರ್ಜಿಯ ಕ್ರಮ

◆ ಕ್ರಮ ತಪ್ಪಿದರೆ ಹಣ ತಪ್ಪೀತು. ಮೊದಲು ಸೂರ್ಯಘರ್‌ನ ರಾಷ್ಟ್ರೀಯ ಪೋರ್ಟಲ್‌ನಲ್ಲಿ ವಿದ್ಯುತ್ ಬಿಲ್ಲಿನ ಸಂಖ್ಯೆಯೊಂದಿಗೆ ನೋಂದಣಿ, ಆಮೇಲೆ ಪಟ್ಟಿಯಲ್ಲಿರುವ ಮಾರಾಟಗಾರರ ಆಯ್ಕೆ, ಅಳವಡಿಕೆ, ನೆಟ್ ಮೀಟರ್, ಮೆಸ್ಕಾಂ ಪರಿಶೀಲನೆ. ಕೊನೆಗೆ ಸಹಾಯಧನ ನೇರ ನಿಮ್ಮ ಬ್ಯಾಂಕ್ ಖಾತೆಗೆ. ಪ್ಯಾನೆಲ್ ಭಾರತದಲ್ಲೇ ತಯಾರಾದ ಕೋಶಗಳದ್ದಾಗಿರಬೇಕು.

◆ ಕೈಯಲ್ಲಿ ಹಣವಿಲ್ಲವೇ? ಸಾಲದ ದಾರಿ ಹಾಕಿಕೊಟ್ಟದ್ದು ನಮ್ಮದೇ ಜಿಲ್ಲೆಗಳ ಬ್ಯಾಂಕುಗಳು. ಮಂಗಳೂರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಮನೆ ಸೋಲಾರ್ ದೀಪಕ್ಕೆ ಕಡಿಮೆ ಬಡ್ಡಿಯ ಸಾಲ ಕೊಟ್ಟವು. ಸಾವಿರಾರು ಮನೆ ಬೆಳಗಿದವು. ಸೂರ್ಯಘರ್‌ಗೂ ಈಗ ಅಡಮಾನವಿಲ್ಲದ ಸಾಲವಿದೆ.

ಕಡಲಾಚೆ

◆ ಅಮೆರಿಕದಲ್ಲಿ ಬಡವರ ಮನೆಗಳ ಬಿರುಕು ಮುಚ್ಚಿ ಶಾಖ ಉಳಿಸುವ ಸರಕಾರಿ ಕಾರ್ಯಕ್ರಮ 1976ರಿಂದ ಇದೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2023ರ ಅಕ್ಟೋಬರ್‌ನಿಂದ ಮನೆ ಬೆಚ್ಚಗಿಡುವ ಹೀಟ್ ಪಂಪ್ ಹಾಕಿಸುವವರಿಗೆ 7,500 ಪೌಂಡ್ ನೆರವು. ಮನೆಯ ಶಾಖ ಮನೆಯವರೊಬ್ಬರ ತಾಪತ್ರಯವಲ್ಲ, ಸರಕಾರದ ಹೊಣೆಯೂ ಹೌದು ಎಂದು ಆ ದೇಶಗಳು ಒಪ್ಪಿಕೊಂಡಿವೆ.

◆ ನಮ್ಮಲ್ಲಿ ಮೀನು ಕೆಡಬಾರದೆಂದು ಪೆಟ್ಟಿಗೆಗೆ ಶಾಖನಿರೋಧಕ ಪದರ ಇದೆ, ಅದಕ್ಕೆ ಸಹಾಯಧನವೂ ಇದೆ. ಆ ಮೀನು ಹಿಡಿದು, ಹೊತ್ತು, ಮಾರಿ ದಣಿದವರು ಮಲಗುವ ಕೋಣೆಯ ಮಾಡಿಗೂ ಅಂಥದ್ದೊಂದು ಪದರ ಸಿಗಬೇಕು. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಇದನ್ನು ಕೇಳೋಣ. ಈಗಾಗಲೇ ಸಿಗುವುದನ್ನು ಮುಂದಿನ ಬೇಸಿಗೆಗೆ ಮೊದಲೇ ಪಡೆಯೋಣ.