ಪೆಲ್ಟಿಯರ್ ಪ್ಲೇಟಿನ ಲೆಕ್ಕ

ಕಂಪ್ಯೂಟರ್ ಕಾಯುತ್ತಿದ್ದರೆ ಪೆಲ್ಟಿಯರ್ ಪ್ಲೇಟ್ ಹಾಕಿ ಎಂಬ ಸಲಹೆಯನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. 4 ಸೆಂಟಿಮೀಟರ್ ಚದರದ, ಬಿಸ್ಕತ್ತಿಗಿಂತ ತೆಳುವಾದ ಬಿಳಿ ಪ್ಲೇಟ್ ಅದು. ವಿದ್ಯುತ್ ಕೊಟ್ಟರೆ ಒಂದು ಬದಿ ತಣ್ಣಗಾಗುತ್ತದೆ, ಇನ್ನೊಂದು ಬದಿ ಕಾಯುತ್ತದೆ. ಗ್ಯಾಸ್ ಇಲ್ಲ, ಸದ್ದೂ ಇಲ್ಲ.

ಹಿರಿಯೂರಿನಲ್ಲಿ ನಮ್ಮ ಮಾಮು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುತ್ತಾರೆ. ಏಪ್ರಿಲ್ ಮಧ್ಯಾಹ್ನ ಅಲ್ಲಿನ ಕಂಪ್ಯೂಟರ್ ಕಾದು ತಾನಾಗಿಯೇ ಆಫ್ ಆಗುತ್ತಿತ್ತು. ಸ್ಕಾಲರ್‌ಶಿಪ್‌ನ ಕೊನೆಯ ದಿನ ಹೊಸದುರ್ಗದ ಕಡೆಯಿಂದ ಬಸ್ಸಿನಲ್ಲಿ ಬಂದವರು ಅರ್ಧ ತುಂಬಿದ ಅರ್ಜಿ ಬಿಟ್ಟು ಹೋಗಬೇಕಾಯಿತು. ಈ ಪ್ಲೇಟ್ ಹಾಕಿಸೋಣ ಎಂದು ಭಾಯಿ ಹೇಳಿದರು. ಮಾಮು ನನ್ನ ಕಡೆ ನೋಡಿ, "ಕಾಮರ್ಸ್ ಓದುತ್ತೀಯಲ್ಲ ಬೇಟಾ, ಲೆಕ್ಕ ಹಾಕು" ಎಂದರು.

1834ರಲ್ಲಿ ಫ್ರಾನ್ಸಿನ ಜೀನ್ ಪೆಲ್ಟಿಯರ್ (ಮೊದಲು ಗಡಿಯಾರದ ಕೆಲಸದವರು) ಇದನ್ನು ಕಂಡುಹಿಡಿದರು. ಎರಡು ಬೇರೆ ಬೇರೆ ಲೋಹಗಳ ಬೆಸುಗೆಗಳಲ್ಲಿ ವಿದ್ಯುತ್ ಹರಿದರೆ ಒಂದು ಬೆಸುಗೆ ತಣ್ಣಗಾಗಿ ಇನ್ನೊಂದು ಬಿಸಿಯಾಗುತ್ತದೆ. 1838ರಲ್ಲಿ ಲೆನ್ಜ್ ಎಂಬ ವಿಜ್ಞಾನಿ ಹೀಗೆಯೇ ಒಂದು ಹನಿ ನೀರನ್ನು ಮಂಜುಗಡ್ಡೆ ಮಾಡಿ ತೋರಿಸಿದರು. ಈಗಿನ ಪ್ಲೇಟಿನಲ್ಲಿ ಬಿಸ್ಮತ್ ಟೆಲ್ಯುರೈಡ್‌ನ ಪುಟ್ಟ ಪುಟ್ಟ ತುಂಡುಗಳಿರುತ್ತವೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 12706. ಅಂದರೆ 127 ಜೋಡಿ, 6 ಆಂಪಿಯರ್.

ಪ್ಲೇಟ್ ಶಾಖವನ್ನು ನಾಶ ಮಾಡುವುದಿಲ್ಲ. ಅದು ಭೀಮಸಮುದ್ರದ ಅಡಿಕೆ ಮಂಡಿಯ ದಲ್ಲಾಳಿಯಂತೆ: ಮಾಲನ್ನು ಇಲ್ಲಿಂದ ಅಲ್ಲಿಗೆ ದಾಟಿಸುತ್ತದೆ, ಜೊತೆಗೆ ತನ್ನ ಕಮಿಷನ್ನನ್ನೂ ಸೇರಿಸುತ್ತದೆ. ಆ ಕಮಿಷನ್ ಸಣ್ಣದಲ್ಲ. 12 ವೋಲ್ಟನ್ನು 6 ಆಂಪಿಯರ್‌ನಿಂದ ಗುಣಿಸಿದರೆ 72 ವ್ಯಾಟ್. ಅಷ್ಟು ತಿಂದು ಅದು ದಾಟಿಸುವುದು ಹೆಚ್ಚೆಂದರೆ ಸುಮಾರು 60 ವ್ಯಾಟ್ ಶಾಖ, ಅದೂ ಎರಡೂ ಬದಿ ಒಂದೇ ಬಿಸಿಯಲ್ಲಿದ್ದಾಗ ಮಾತ್ರ. ಬದಿಗಳ ನಡುವಿನ ಅಂತರ ಬೆಳೆದಂತೆ ದಾಟುವ ಶಾಖ ಕಡಿಮೆಯಾಗುತ್ತದೆ. ಮಾಮು ಅಂಗಡಿಯ ಪ್ರೊಸೆಸರ್ 65 ವ್ಯಾಟಿನದು. ಅದಕ್ಕೆ ಈ ಪ್ಲೇಟ್ ಸಾಲುವುದಿಲ್ಲ, ದಾರಿಗೆ ಅಡ್ಡವೇ ಆಗುತ್ತದೆ. ಬಿಸಿ ಬದಿಯ ಫ್ಯಾನಿಗಂತೂ 65ರ ಬದಲು 130 ವ್ಯಾಟಿಗೂ ಹೆಚ್ಚು ಶಾಖ ಹೊರಹಾಕುವ ಕೆಲಸ! ದಿನಕ್ಕೆ 8 ಗಂಟೆ, ತಿಂಗಳಿಗೆ 26 ದಿನ ಓಡಿಸಿದರೆ ಪ್ಲೇಟಿಗೇ ಸುಮಾರು 15 ಯೂನಿಟ್ ಕರೆಂಟು.

ಎರಡು ಮೂರು ಪ್ಲೇಟ್ ಹಾಕಿದರೆ? ತಣ್ಣಗಾಗಬಹುದು. ಆದರೆ ಮಳೆಗಾಲದಲ್ಲಿ ತಣ್ಣನೆಯ ಸ್ಟೀಲ್ ಲೋಟದ ಹೊರಗೆ ನೀರು ಕೂರುವಂತೆ ಮದರ್‌ಬೋರ್ಡಿನ ಮೇಲೂ ಹನಿ ಕೂರುತ್ತದೆ. ನೀರು ಬಿದ್ದ ಬೋರ್ಡಿನ ಗತಿ ಹೇಳಬೇಕಿಲ್ಲ.

ಕೊನೆಗೆ ನಾವು ಮಾಡಿದ್ದು ಬೇರೆ. ಹೈವೇ ಪಕ್ಕದ ಅಂಗಡಿ, ಹೀಟ್‌ಸಿಂಕ್ ಒಳಗೆ ಕಂಬಳಿಯಷ್ಟು ದಪ್ಪ ಧೂಳು. ಬ್ರಷ್‌ನಿಂದ ತೆಗೆದು, ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. 95 ಡಿಗ್ರಿ ತೋರಿಸುತ್ತಿದ್ದದ್ದು 70ರ ಆಸುಪಾಸಿಗೆ ಬಂತು.

ದೊಡ್ಡ ಯಂತ್ರಗಳ ದಾರಿಯೂ ಬೇರೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಪ್ರೊಸೆಸರ್‌ಗಳ ಶಾಖವನ್ನು ದ್ರವ ಹರಿಸಿ ಹೊರಗೊಯ್ಯುತ್ತದೆ. ಪೆಲ್ಟಿಯರ್ ಗೆಲ್ಲುವುದು ಶಾಖ ಕಡಿಮೆಯಿದ್ದು ನಿಖರತೆ ಬೇಕಾದಲ್ಲಿ. ಕೊರೋನಾ ಕಾಲದಲ್ಲಿ ಹೆಸರು ಕೇಳಿದ ಆರ್‌ಟಿ-ಪಿಸಿಆರ್ ಯಂತ್ರಗಳಲ್ಲಿ ಮಾದರಿಯನ್ನು ಬೇಗ ಬೇಗ ಬಿಸಿ, ತಂಪು ಮಾಡುವುದು ಇದೇ ಪ್ಲೇಟುಗಳು. ವಿದ್ಯುತ್ತಿನ ದಿಕ್ಕು ತಿರುಗಿಸಿದರೆ ಸಾಕು, ಬದಿಗಳು ಅದಲುಬದಲಾಗುತ್ತವೆ.

ಸೈನ್ಸ್ ವಿಭಾಗದ ಗೆಳೆಯರು ವಿಜ್ಞಾನ ಪ್ರದರ್ಶನಕ್ಕೆ ಇದನ್ನು ಮಾಡುವುದಾದರೆ ಬಿಸಿ ಬದಿಗೆ ಹೀಟ್‌ಸಿಂಕ್, ಫ್ಯಾನ್ ಕೂರಿಸಿದ ಮೇಲೆಯೇ ಕರೆಂಟು ಕೊಡಿ. ಬರೀ ಪ್ಲೇಟಿಗೆ 12 ವೋಲ್ಟ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.