ಕಾಯಿ ತಂದವನ ಕುರ್ಚಿ

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬ್ಯಾಡಗಿಯ ಕಡೆ ತಿರುಗಿದರೆ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಟ್ಟುತ್ತದೆ. ಫೆಬ್ರುವರಿ–ಮಾರ್ಚ್ ತಿಂಗಳಲ್ಲಿ ಮಾರಾಟ ನಡೆಯುವ ಸೋಮವಾರವೋ ಗುರುವಾರವೋ ಆಗಿದ್ದರೆ ಹೊಸಬರು ಸೀನುತ್ತಲೇ ಮಾರುಕಟ್ಟೆಯ ಗೇಟು ದಾಟುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಹೆಸರಿದೆ. ಆದರೆ ಲಕ್ಷಾಂತರ ಚೀಲಗಳಿಂದ ಏಳುವ ದೂಳು ಆ ಹೆಸರನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹಮಾಲರು ಮೂಗು ಬಾಯಿಗೆ ಟವೆಲ್ ಬಿಗಿದುಕೊಂಡು ಚೀಲ ಹೊರುತ್ತಾರೆ. ಹಿಂದಿನ ರಾತ್ರಿಯೇ ಬಂದ ರೈತರು ತಮ್ಮ ಚೀಲಗಳ ಮೇಲೇ ಮಲಗಿ ಎದ್ದಿರುತ್ತಾರೆ. ಅಂಗಿ, ಧೋತರ, ತಲೆಗೂದಲು, ಕಣ್ಣಿನ ಅಂಚು, ಎಲ್ಲದರ ಮೇಲೂ ತೆಳುವಾಗಿ ಕೆಂಪು ಕೂತಿರುತ್ತದೆ.

ದಲಾಲಿ ಅಂಗಡಿಗಳ ಮುಂದೆ ಚೀಲಗಳ ಬಾಯಿ ಬಿಚ್ಚಿ ಸಾಲಾಗಿ ನಿಲ್ಲಿಸಿದ್ದಾರೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರು. ಗಿಡ್ಡಗೆ ದುಂಡಗೆ, ಮೈಯೆಲ್ಲ ಸುಕ್ಕುಗಟ್ಟಿರುವುದು ಡಬ್ಬಿ. ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ. ಅವುಗಳ ಪಕ್ಕದಲ್ಲಿ 2043, 5531 ಎಂದು ನಂಬರಿನಿಂದಲೇ ಕರೆಸಿಕೊಳ್ಳುವ ಹೈಬ್ರಿಡ್ ಕಾಯಿಗಳು. ಡಬ್ಬಿಯ ಬಣ್ಣ ನೋಡಬೇಕೆಂದರೆ ಬಿಸಿಲಿಗೆ ಹಿಡಿಯಬೇಕು. ಕಪ್ಪಿನ ಅಂಚಿಗೆ ಹೋಗಿ ನಿಂತಂಥ ಗಾಢ ಕೆಂಪು. ಇದೇ ಬಣ್ಣವನ್ನು ಓಲಿಯೋರೆಸಿನ್ ರೂಪದಲ್ಲಿ ಹಿಂಡಿ ತೆಗೆದು ಆಹಾರ ಪದಾರ್ಥಗಳಿಗೂ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಬೆಳಿಗ್ಗೆ ಖರೀದಿದಾರರು ಒಬ್ಬೊಬ್ಬರಾಗಿ ಬರುತ್ತಾರೆ. ಹೆಚ್ಚು ಮಾತಿಲ್ಲ. ಚೀಲದ ಆಳಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುತ್ತಾರೆ. ಮುಷ್ಟಿಯಲ್ಲಿ ಒತ್ತಿ ತೇವ ನೋಡುತ್ತಾರೆ, ಒಂದನ್ನು ಮುರಿದು ಬೀಜ ನೋಡುತ್ತಾರೆ, ಮೂಸಿ ನೋಡಿ ಅಲ್ಲೇ ಬಿಟ್ಟು ಮುಂದಿನ ಲಾಟಿಗೆ ಹೋಗುತ್ತಾರೆ. ಆರು ತಿಂಗಳ ಬೆಳೆಗೆ ಸಿಗುವ ಪರೀಕ್ಷೆ ಅರ್ಧ ನಿಮಿಷದ್ದು. ಹಿಂದೆ ದರವನ್ನು ಚೀಟಿಯಲ್ಲಿ ಬರೆದು ಹಾಕುತ್ತಿದ್ದರು, ಈಗ ಕಂಪ್ಯೂಟರಿಗೆ ಹಾಕುತ್ತಾರೆ. ಕರ್ನಾಟಕ 2014ರಲ್ಲಿ ಏಕೀಕೃತ ಆನ್‌ಲೈನ್ ಮಾರುಕಟ್ಟೆಯನ್ನು ಕಟ್ಟಿತು. ಕೇಂದ್ರದ ಇ-ನಾಮ್ ಶುರುವಾದದ್ದು ಅದಾದ ಎರಡು ವರ್ಷಕ್ಕೆ, 2016ರಲ್ಲಿ. ಯಾರು ಎಷ್ಟು ಬರೆದರೆಂದು ಇನ್ನೊಬ್ಬರಿಗೆ ಕಾಣದಂತೆ ದರ ಹಾಕುವ ಈ ಪದ್ಧತಿ ರೈತನಿಗೆ ಒಳ್ಳೆಯದನ್ನೇ ಮಾಡಿದೆ ಎಂದು ನಾನು ನಂಬುತ್ತೇನೆ. ಟವೆಲ್ಲಿನ ಅಡಿಯಲ್ಲಿ ಬೆರಳು ಒತ್ತಿ ವ್ಯಾಪಾರ ಮುಗಿಸುತ್ತಿದ್ದ ಕಾಲವನ್ನು ಕಂಡ ಹಿರಿಯರು ಇದನ್ನು ಒಪ್ಪುತ್ತಾರೆ.

ಟೆಂಡರಿನ ಹೊತ್ತು ಮುಗಿದು ದರ ಹೊರಬೀಳುವ ತನಕದ ಕಾಯುವಿಕೆಯೇ ಈ ಅಂಗಳದ ನಿಜವಾದ ದೃಶ್ಯ. ಸುಮಾರು ಅರವತ್ತರ ರೈತರೊಬ್ಬರು ಅಂಗಡಿಯ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾರೆ.

“ಸಾವ್ಕಾರ್ರ, ಟೆಂಡರ್ ಬಿಟ್ಟೈತೇನ್ರೀ?”

“ಇನ್ನಾ ಇಲ್ಲ ಕಾಕಾ. ಚಾ ತಗೋರಿ.”

“ಹ್ವಾದ ವಾರಕ್ಕಿಂತ ಇಳದೈತಿ ಅಂತಾರಲ್ರೀ?”

ಸಾಹುಕಾರರು ಉತ್ತರ ಕೊಡುವುದಿಲ್ಲ. ಬಿತ್ತನೆಗೆ, ಔಷಧಕ್ಕೆ ಆ ಕಾಕಾ ಮುಂಗಡ ತಂದಿರುವುದು ಇದೇ ಅಂಗಡಿಯಿಂದ. ದರ ಬೇಡವೆನಿಸಿದರೆ ಮಾರದೆ ಬಿಡುವ ಹಕ್ಕು ರೈತನಿಗಿದೆ. ಊರ ಸುತ್ತ ಶೀತಲಗೃಹಗಳೂ ಬೇಕಾದಷ್ಟಿವೆ. ಆದರೆ ಬಾಡಿಗೆ ಕೊಟ್ಟು ಕಾಯಿ ಇಟ್ಟು ಕಾಯಲು ಮನೆಯಲ್ಲಿ ಅಷ್ಟು ತ್ರಾಣ ಬೇಕು. ಸಾಲ ತಂದವನಿಗೆ ಅದಿಲ್ಲ.

ಅಂಗಡಿಗಳ ಸಾಲಿನಿಂದ ತುಸು ದೂರದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಯಿದೆ. ಬಹುಪಾಲು ರೈತರು ಅದರ ಮೆಟ್ಟಿಲು ಹತ್ತದೆಯೇ ಊರಿಗೆ ಮರಳುತ್ತಾರೆ. ನನ್ನನ್ನು ತುಂಬ ಕಾಡುವುದು ಇದೇ. ಈ ಕಟ್ಟಡವಿರುವುದು ಅವರಿಗಾಗಿ. ತೂಕದಲ್ಲೂ ದರದಲ್ಲೂ ರೈತನಿಗೆ ಆಗುತ್ತಿದ್ದ ಮೋಸವನ್ನು ನೋಡಿ, ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಕೃಷಿ ಕುರಿತ ರಾಯಲ್ ಕಮಿಷನ್ 1928ರಲ್ಲಿ ಹೇಳಿತು. ಬ್ಯಾಡಗಿ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1939ರಲ್ಲಿ ಕಾಯ್ದೆ ಬಂತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ 1966ರ ಕಾಯ್ದೆ ಬಂತು. ಅದರ ಪ್ರಕಾರ ಸಮಿತಿಗೆ ರೈತರೇ ಮತ ಹಾಕಿ ಹನ್ನೊಂದು ಮಂದಿಯನ್ನು ಆರಿಸುತ್ತಾರೆ. ವರ್ತಕರ ಕ್ಷೇತ್ರದಿಂದ ಬರುವವರು ಒಬ್ಬರೇ. ಸಹಕಾರ ಸಂಘಗಳ ಪ್ರತಿನಿಧಿಗಳೂ ಸರ್ಕಾರ ನಾಮನಿರ್ದೇಶನ ಮಾಡಿದವರೂ ಅವರ ಜೊತೆ ಕೂರುತ್ತಾರೆ. ಕಾಗದದ ಮೇಲೆ ಇದಕ್ಕಿಂತ ರೈತಪರವಾದ ಏರ್ಪಾಡು ಸಿಗುವುದು ಕಷ್ಟ.

ಸಮಿತಿ ದರ ಕಟ್ಟುವುದಿಲ್ಲ. ಆದರೆ ದರ ಕಟ್ಟುವವರ ಮೇಲೆ ಕಣ್ಣಿಡುತ್ತದೆ. ವರ್ತಕರಿಗೂ ದಲಾಲರಿಗೂ ಲೈಸೆನ್ಸ್ ಕೊಡುವುದು, ತಪ್ಪಿದರೆ ಅಮಾನತು ಮಾಡುವುದು, ತೂಕ ಪರೀಕ್ಷಿಸುವುದು, ಹಣ ಬಾರದ ರೈತನ ತಕರಾರು ಕೇಳುವುದು, ಅಂಗಳಕ್ಕೆ ನೀರು, ನೆರಳು, ಶೌಚಾಲಯ ಒದಗಿಸುವುದು ಎಲ್ಲ ಅದರ ಕೆಲಸ. ರೈತನಿಗೆ ಅಧಿಕೃತ ಲೆಕ್ಕಪಟ್ಟಿ ಕೊಡದೆ ಬಿಳಿ ಚೀಟಿಯಲ್ಲಿ ವ್ಯವಹಾರ ಮುಗಿಸುವುದು, ಖರೀದಿದಾರ ಕೊಡಬೇಕಾದ ಕಮಿಷನ್ನನ್ನು ರೈತನ ಹಣದಲ್ಲೇ ಮುರಿದುಕೊಳ್ಳುವುದು ನಮ್ಮ ಮಾರುಕಟ್ಟೆಗಳ ಹಳೆಯ ರೋಗ. ಇದಕ್ಕೆ ಮದ್ದು ಕಾಯ್ದೆಯಲ್ಲಿದೆ, ಕುಡಿಸುವ ಕೈ ಸಮಿತಿಯದು. ಆ ಕೈಯೂ ಈಗ ಸೋತಿದೆ. ನೂರು ರೂಪಾಯಿ ವ್ಯಾಪಾರಕ್ಕೆ ಒಂದೂವರೆ ರೂಪಾಯಿ ಇದ್ದ, ಸಮಿತಿಯನ್ನು ನಡೆಸುವ ಮಾರುಕಟ್ಟೆ ಶುಲ್ಕ 2020ರಲ್ಲಿ 35 ಪೈಸೆಗೆ ಇಳಿಯಿತು, ಆಮೇಲೆ ಏರಿಸಿದರೂ 60 ಪೈಸೆಗೆ ಬಂದು ನಿಂತಿತು. ಚುನಾವಣೆ ನಡೆಯದೆ ಆಡಳಿತಾಧಿಕಾರಿಯ ಕೈಗೆ ಹೋದ ಸಮಿತಿಗಳಲ್ಲಿ ರೈತರ ಹನ್ನೊಂದು ಕುರ್ಚಿಗಳೂ ಖಾಲಿ. ಅಧಿಕಾರಿ ಎಷ್ಟೇ ಪ್ರಾಮಾಣಿಕನಾಗಿರಲಿ, ಚೀಲದ ಮೇಲೆ ರಾತ್ರಿ ಕಳೆದವನಲ್ಲ.

2024ರ ಮಾರ್ಚ್ 11 ಕೂಡ ಮಾರಾಟದ ಸೋಮವಾರವೇ. ಆವಕ ವಿಪರೀತವಾಗಿತ್ತು. ದರ ಒಮ್ಮೆಲೇ ಕುಸಿದದ್ದು ತಿಳಿದಾಗ ರೈತರ ಸಿಟ್ಟು ಕಟ್ಟೆಯೊಡೆಯಿತು. ಕಲ್ಲುಗಳು ಬಿದ್ದದ್ದು ಸಮಿತಿಯ ಕಚೇರಿಯ ಮೇಲೆ. ಒಳಗಿನ ಸಾಮಾನು ಪುಡಿಯಾಯಿತು, ಹೊರಗೆ ವಾಹನಗಳು ಹೊತ್ತಿ ಉರಿದವು. ಬೆಂಕಿ ಹಚ್ಚಿದ್ದು ಸರಿಯಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ದರ ಕಟ್ಟದ ಕಚೇರಿಯ ಮೇಲೆ ಸಿಟ್ಟೇಕೆ ತಿರುಗಿತು? ಮೆಣಸಿನಕಾಯಿ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿಲ್ಲ. ಬೆಲೆ ಬಿದ್ದ ದಿನ ಕೇಳುವುದಕ್ಕೆ ರೈತನಿಗೆ ಕಾಣುವ ಬಾಗಿಲು ಅದೊಂದೇ. ಆ ಬಾಗಿಲ ಹಿಂದೆ ತನ್ನವರು ಕೂತಿದ್ದಾರೆ ಎಂದು ಅವನಿಗೆ ಅನ್ನಿಸಿರಲಿಲ್ಲ.

ಹಾಗೆ ಅನ್ನಿಸದಿರಲು ಕಾರಣವಿದೆ. ಅಂಗಳದಲ್ಲಿ ನಿಂತಿರುವ ಲಾರಿ, ಟ್ರ್ಯಾಕ್ಟರುಗಳ ನಂಬರ್ ಪ್ಲೇಟ್ ಓದುತ್ತ ಹೋಗಿ. ಬಳ್ಳಾರಿ, ರಾಯಚೂರು, ಗದಗ, ಧಾರವಾಡ ಸಿಗುತ್ತವೆ. ಆಂಧ್ರದ ಗಾಡಿಗಳು ಸಿಗುತ್ತವೆ. ಕಟ್ಟೆಯ ಮೇಲಿನ ಮಾತಿನಲ್ಲಿ ಕನ್ನಡದಷ್ಟೇ ತೆಲುಗು ಕೇಳುತ್ತದೆ. ಸುತ್ತಲಿನ ಹಾವೇರಿ ಸೀಮೆಯ ಹೊಲಗಳಲ್ಲಿ ಗೋವಿನಜೋಳ ತುಂಬಿಕೊಂಡಿದೆ. ಊರಿನ ಹೆಸರು ಹೊತ್ತ ಕಾಯಿ ಬಹುಪಾಲು ಹೊರಗಿನಿಂದಲೇ ಬರುತ್ತದೆ. ಸಮಿತಿಯ ಮತದಾರರು ಮಾತ್ರ ಬ್ಯಾಡಗಿಯ ಮಾರುಕಟ್ಟೆ ಕ್ಷೇತ್ರದೊಳಗಿನ ರೈತರು. ಕರ್ನೂಲಿನ ಕಡೆಯಿಂದಲೋ ಸಿರುಗುಪ್ಪದಿಂದಲೋ ನೂರಾರು ಕಿಲೋಮೀಟರು ಗಾಡಿ ಹೊಡೆದುಕೊಂಡು ಬಂದು, ಈ ಅಂಗಳದಲ್ಲಿ ವರ್ಷದ ದುಡಿಮೆ ಸುರಿಯುವವನಿಗೆ ಇಲ್ಲಿ ಮತವಿಲ್ಲ, ಕುರ್ಚಿಯಿಲ್ಲ. ಅವನ ಕಾಯಿಯ ಮೇಲೆ ವಸೂಲಾದ ಶುಲ್ಕದಿಂದ ನಡೆಯುವ ಸಮಿತಿಯಲ್ಲಿ ಅವನ ಪರವಾಗಿ ಮಾತಾಡುವವರು ಯಾರೂ ಇಲ್ಲ.

ಮಧ್ಯಾಹ್ನ ದಾಟಿ ದರ ಬಂದ ಮೇಲೆ ಅಂಗಳ ಮತ್ತೆ ಚುರುಕಾಗುತ್ತದೆ. ತಕ್ಕಡಿಗಳ ಮೇಲೆ ಚೀಲ ಏರುತ್ತವೆ, ಇಳಿಯುತ್ತವೆ, ಚೀಲ ಹೊಲಿಯುವ ಸೂಜಿಗಳು ಓಡುತ್ತವೆ. ಊರಿನ ಗೋದಾಮುಗಳಲ್ಲಿ ಸಾಲಾಗಿ ಕೂತ ಹೆಂಗಸರು ತೊಟ್ಟು ಬಿಡಿಸುತ್ತಾರೆ. ದಿನವಿಡೀ ಉರಿಯುವ ಕೈಗಳ ಆ ಕೆಲಸವಿಲ್ಲದೆ ಬ್ಯಾಡಗಿಯ ಒಂದು ಚೀಲವೂ ಕಾರಖಾನೆಯ ಗಿರಣಿ ಮುಟ್ಟುವುದಿಲ್ಲ. ಸಮಿತಿಯ ಸಭೆಯಲ್ಲಿ ಅವರಿಗೂ ಹಮಾಲರಿಗೂ ಕುರ್ಚಿಯಿಲ್ಲ.

ಇವರೆಲ್ಲರ ಮಾತು ಕೇಳಲು ಕಾಯ್ದೆ ತಿದ್ದುವ ತನಕ ಕಾಯಬೇಕಿಲ್ಲ. ಡಿಸೆಂಬರಿನಲ್ಲಿ ಕಾಯಿ ಬರಲು ಶುರುವಾಗುವ ಮೊದಲೇ ಕೃಷಿ ಮಾರಾಟ ಇಲಾಖೆ ಒಂದು ಸಲಹಾ ಮಂಡಳಿ ಕರೆಯಲಿ. ಬಳ್ಳಾರಿ, ರಾಯಚೂರಿನ ಬೆಳೆಗಾರರು, ಆಂಧ್ರದ ಬೆಳೆಗಾರರು, ಹಮಾಲರು, ತೊಟ್ಟು ಬಿಡಿಸುವ ಹೆಂಗಸರು ಅದರಲ್ಲಿ ಕೂರಲಿ. ಯಾವ ದಿನ ಎಷ್ಟು ಕಾಯಿ ಬರಬಹುದು, ಹೆಚ್ಚಾದರೆ ಎಲ್ಲಿ ಇಡಬೇಕು, ದರ ಬಿದ್ದ ದಿನ ಯಾರು ಹೊರಗೆ ಬಂದು ರೈತನಿಗೆ ಉತ್ತರ ಹೇಳಬೇಕು ಎಂಬುದನ್ನು ಅವರನ್ನು ಕೇಳಿಯೇ ತೀರ್ಮಾನಿಸಲಿ. ಮಂಡಳಿಯ ಮಾತನ್ನು ಸಮಿತಿ ನಡಾವಳಿಯಲ್ಲಿ ಬರೆದುಕೊಳ್ಳಲಿ, ಒಪ್ಪದಿದ್ದರೆ ಕಾರಣವನ್ನೂ ಬರೆಯಲಿ. ಬ್ಯಾಡಗಿ ಸೀಮೆಯ ರೈತರಲ್ಲೂ ಒಂದು ಕೋರಿಕೆ: ಸಮಿತಿಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ಈಗಲೇ ಹೋಗಿ ನೋಡಿ. ಇಲ್ಲದಿದ್ದರೆ ಸೇರಿಸಿ, ಚುನಾವಣೆ ನಡೆಸಿರೆಂದು ಕೇಳಿ.