ಕೃತಕ ದಂತಮೂಲದ ಸಂಧಿಯೂ ಸುತ್ತಣ ಎಲುಬೂ

ಬಿದ್ದುಹೋದ ಹಲ್ಲಿನ ಎಡೆಯಲ್ಲಿ ದವಡೆಯ ಎಲುಬಿಗೆ ಟೈಟೇನಿಯಂ ಲೋಹದ ಬೇರನ್ನು ನಾಟುವ ಕ್ರಮವನ್ನು ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವಿದ್ವಾಂಸರು 1965ರಲ್ಲಿ ಮನುಷ್ಯರ ಚಿಕಿತ್ಸೆಗೆ ತಂದರು. ಲೋಹದ ಬೇರೂ, ಅದರ ಮೇಲೆ ನಿಂತು ಹಲ್ಲನ್ನು ಹೊರುವ ಕಂಬವೂ ಸಾಮಾನ್ಯವಾಗಿ ಎರಡು ಪ್ರತ್ಯೇಕ ಅಂಗಗಳು. ಇವು ಕೂಡುವ ಸಂಧಿಯ ರಚನೆಗೂ ಸುತ್ತಣ ಎಲುಬು ಒಸಡುಗಳ ಸ್ಥಿತಿಗೂ ಇರುವ ಸಂಬಂಧವನ್ನು ಇಲ್ಲಿ ವಿಚಾರಿಸುವೆವು.

ಮೂಲರಚನೆಯಲ್ಲಿ ಬೇರಿನ ತಲೆಯ ಮೇಲೆ 0.7 ಮಿಲಿಮೀಟರು ಎತ್ತರದ ಷಟ್ಕೋನವಿದ್ದು, ಕಂಬವು ಅದರ ಮೇಲೆ ಟೋಪಿಯಂತೆ ಕೂರುತ್ತಿದ್ದಿತು. ಸಂಧಿಯು ಎಷ್ಟು ಬಿಗಿಯಾಗಿದ್ದರೂ ಸೂಕ್ಷ್ಮವಾದ ಸಂದೊಂದು ಉಳಿಯುವುದು. ಅಗಿಯುವಾಗ ಕಂಬವು ಅಲುಗಿದಂತೆಲ್ಲ ರೋಗಾಣುಗಳು ಅದರಲ್ಲಿ ಒಳಹೊರಗೆ ಸಂಚರಿಸುವುವು. ಒಸಡು ಉರಿಗೊಳ್ಳುವುದು, ಎಲುಬು ಕೆಳಕ್ಕೆ ಸರಿಯುವುದು. ಎಲುಬು ಇಳಿದಲ್ಲಿ ಒಸಡಿಗೆ ಆಧಾರವು ತಪ್ಪಿ ಲೋಹವು ಹೊರಗಾಣುವುದೂ ಉಂಟು. ಮೊದಲ ವರ್ಷದಲ್ಲಿ ಸುಮಾರು 1.5 ಮಿಲಿಮೀಟರು ಎಲುಬು ಕರಗುವುದನ್ನು ಬಹುಕಾಲ ಸಹಜವೆಂದೇ ಎಣಿಸಿದ್ದರು.

ಇದಕ್ಕೆ ಪರಿಹಾರವು ಆಕಸ್ಮಿಕವಾಗಿ ದೊರೆಯಿತು. ಅಗಲವಾದ ಬೇರುಗಳು ಬಳಕೆಗೆ ಬಂದಾಗ ಅವುಗಳಿಗೆ ಸರಿಹೊಂದುವ ಕಂಬಗಳಿಲ್ಲದೆ ಕಿರಿಯ ಕಂಬಗಳನ್ನೇ ಕೂರಿಸಿದರು. ಅಂಥವರ ಕ್ಷ-ಕಿರಣಚಿತ್ರಗಳಲ್ಲಿ ಎಲುಬಿನ ಸವೆತವು ನಿರೀಕ್ಷಿಸಿದುದಕ್ಕಿಂತ ಕಡಿಮೆಯಾಗಿದ್ದಿತು. ಸಂದು ಎಲುಬಿನ ಅಂಚಿನಿಂದ ಒಳಕ್ಕೆ ಸರಿದುದೇ ಇದಕ್ಕೆ ಕಾರಣವೆಂದು 2006ರಲ್ಲಿ ಲಜ್ಜಾರಾ, ಪೋರ್ಟರ್ ಎಂಬವರು ವಿವರಿಸಿದರು. ಕಂಬವನ್ನು ಬೇರಿನೊಳಗೆ ಬೆಣೆಯಂತೆ ಇಳಿಸುವ ಶಂಕುವಿನಾಕಾರದ ಸಂಧಿಯು ಅಲುಗಾಟವನ್ನೂ ತಗ್ಗಿಸುವುದು.

ಆದರೂ ಸಂಧಿಯೊಂದರಿಂದಲೇ ಎಲ್ಲವೂ ಸಿದ್ಧಿಸದು. ಒಸಡು 2 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಉತ್ತಮ ಸಂಧಿಯಿದ್ದರೂ ಎಲುಬು ಕರಗಬಹುದು. ಆದುದರಿಂದ ಸಂಧಿಯನ್ನು ಆರಿಸುವ ವೈದ್ಯನು ಮೊದಲು ಒಸಡನ್ನು ಅಳೆಯುವುದು ಯುಕ್ತ.